ಉಳಿಸಬೇಕೇ ಎಂದು ಕೇಳದ ಫೈಲು

ನನ್ನ ಬಲಗೈ ತೋರುಬೆರಳಿಗೆ ಒಂದು ಚಟ ಇದೆ. ಕಂಪ್ಯೂಟರಿನಲ್ಲಿ ಏನೇ ಟೈಪ್ ಮಾಡಿ ಮುಗಿಸಲಿ, ಮುಚ್ಚುವ ಹೊತ್ತಿಗೆ ಅದು ತಾನಾಗಿಯೇ ‘ಎನ್’ ಅಕ್ಷರದ ಮೇಲೆ ಹೋಗಿ ಕೂತುಬಿಡುತ್ತದೆ. ಎನ್ ಅಂದರೆ ನೋ. ಹಳೆಯ ಆಫೀಸ್ ಸಾಫ್ಟ್‌ವೇರು ಪ್ರತಿ ಸಲ ಮುಚ್ಚುವಾಗ “ಮಾಡಿದ ಬದಲಾವಣೆ ಉಳಿಸಬೇಕೇ?” ಅಂತ ಕೇಳುತ್ತಿತ್ತು. “ಬ್ಯಾಡ” ಅಂತ ನನ್ನ ಬೆರಳು ಹೇಳುತ್ತಿತ್ತು. ಹನ್ನೆರಡು ವರ್ಷ ಹೀಗೆ ನಡೆಯಿತು. ಈಗ ಬಂದಿರುವ ಹೊಸ ಆವೃತ್ತಿ ಏನೂ ಕೇಳುವುದಿಲ್ಲ. ಕೇಳದಿದ್ದರೂ ಬೆರಳು ಹೋಗಿ ಕೂರುತ್ತದೆ. ಪಕ್ಕದ ಕುರ್ಚಿಯ ವಿಜ್ಞಾನದ ಮೇಡಂ ಒಂದು ದಿನ ಅದನ್ನು ನೋಡಿ, “ಯಾಕ್ರಿ ಸರ, ಬೆರಳು ಹಿಡಕೊಂಡೈತೇನ್ರಿ?” ಅಂತ ಕೇಳಿದರು. ಹೌದ್ರಿ ಅಂದೆ. ನಿಜ ಹೇಳಲಿಕ್ಕೆ ಹೋದರೆ ಅರ್ಧ ತಾಸು ಬೇಕಾಗುತ್ತಿತ್ತು. ನಿಮಗಾದರೆ ಹೇಳಬಹುದು.

ಬರೆಯುವುದು, ಅಳಿಸುವುದು, ಅದರ ಮೇಲೆ ಮತ್ತೆ ಬರೆಯುವುದು. ನಾನು ಓದಿದ್ದೇ ಹೀಗೆ. ನಮ್ಮ ಮನೆಯಲ್ಲಿ ಮೂರು ಮಕ್ಕಳಿಗೆ ಒಂದೇ ಪಾಟಿ. ಅಕ್ಕ ಲೆಕ್ಕ ಬರೆದು ಮಾಸ್ತರರಿಗೆ ತೋರಿಸಿ ಬಂದು ನನ್ನ ಕೈಗೆ ಕೊಡುವಳು. ನಾನು ಉಗುಳು ಹಚ್ಚಿ ಅಂಗಿಯ ಚುಂಗಿನಿಂದ ಒರೆಸಿ ನನ್ನ ಕಾಗುಣಿತ ಬರೆಯುವೆ. ನನ್ನದು ಮುಗಿದ ಮೇಲೆ ತಮ್ಮ ಅದರ ಮೇಲೆ ಎತ್ತಿನ ಚಿತ್ರ ಬರೆಯುವನು. ಹೈಸ್ಕೂಲಿಗೆ ಬಂದಾಗ ಮೇಲಿನ ಓಣಿಯ ಹುಡುಗರು ಪೆನ್ಸಿಲ್ಲಿನಿಂದ ಬರೆದು ಬಿಟ್ಟ ನೋಟ್‌ಬುಕ್ ತಂದು, ರಬ್ಬರಿನಿಂದ ತಿಕ್ಕಿ, ಅದರಲ್ಲಿ ನನ್ನ ಇತಿಹಾಸ, ನನ್ನ ಬೀಜಗಣಿತ ಬರೆದೆ. ಎಷ್ಟು ತಿಕ್ಕಿದರೂ ಹಿಂದಿನವರ ಅಕ್ಷರದ ಗೀರು ಕೆಳಗೆ ಉಳಿದೇ ಇರುತ್ತಿತ್ತು. ಅದರ ಮೇಲೆ ಓದಿದರೂ ಪಾಸಾದೆ ನೋಡ್ರಿ.

ನಮ್ಮದು ಯಲಬುರ್ಗಾ ಕಡೆ, ತಳಕಲ್ಲಿಗೆ ಹತ್ತಿರದ ಹಳ್ಳಿ. ಅಪ್ಪ ಅವ್ವ ವರ್ಷಾ ವರ್ಷಾ ನಾಟಿ ಹಚ್ಚುವ ಕೂಲಿಗೆ ಗಂಗಾವತಿ ಕಡೆ ಬರುತ್ತಿದ್ದವರು ಒಂದು ವರ್ಷ ತಿರುಗಿ ಹೋಗಲೇ ಇಲ್ಲ. ಕಾಲುವೆ ಪಕ್ಕ ಗುಡಿಸಲು ಹಾಕಿದರು, ನನ್ನನ್ನು ಅಲ್ಲಿನ ಶಾಲೆಗೆ ಒಂದನೆಯ ತರಗತಿಗೆ ಹಾಕಿದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಶಾಲೆಯಿಂದ ಯಾವುದೇ ಹಾಳಿ ತಂದರೆ ಮೊದಲು ಸೆರಗಿನಿಂದ ಕೈ ಒರೆಸಿಕೊಂಡು ಆಮೇಲೆ ಹಿಡಿಯುತ್ತಿದ್ದಳು. ನಾನು ಬೆಳಗಿನ ಹೊತ್ತು ಅಕ್ಕಿಗಿರಣಿಯಲ್ಲಿ ಚೀಲ ಹೊತ್ತು, ಹತ್ತು ಗಂಟೆಗೆ ತಲೆಯ ಮೇಲಿನ ತೌಡು ಕೊಡವಿಕೊಂಡು ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಮೊದಲನೆಯ ಬಿ.ಎ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ, ಅದೊಂದು ದೋಷ.

ಓದಿದ ಶಾಲೆಯಲ್ಲೇ ಕ್ಲಾರ್ಕ್ ಆದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಒಂದೇ ಕಾಂಪೌಂಡಿನ ಶಾಲೆ ಅದು. ಸೇರಿದ ವಾರದಲ್ಲೇ ವ್ಯಾಸಂಗ ಪ್ರಮಾಣಪತ್ರದ ನಮೂನೆ ತಯಾರು ಮಾಡು ಅಂದರು. ಇಂಥವರು ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿ ಓದಿದ್ದಾರೆ ಅಂತ ಶಾಲೆ ಬರೆದುಕೊಡುವ ಹಾಳಿ ಅದು. ನಮೂನೆಗೆ ಯಾರ ಹೆಸರು ಹಾಕುವುದು? ಕೈಗೆ ಯಾರೂ ಸಿಗಲಿಲ್ಲ, ನನ್ನದೇ ಹಾಕಿದೆ. ‘ಯಮನೂರಪ್ಪ ತಂದೆ ದುರಗಪ್ಪ ಇವರು ಈ ಶಾಲೆಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿರುತ್ತಾರೆ.’ ಆ ಫೈಲಿಗೆ ‘ತಾಯಿ’ ಅಂತ ಹೆಸರಿಟ್ಟೆ.

ಯಾರೇ ಪ್ರಮಾಣಪತ್ರ ಕೇಳಿಕೊಂಡು ಬರಲಿ, ತಾಯಿಯನ್ನು ತೆರೆಯುವುದು. ಆರು ಕಡೆ ತಿದ್ದುವುದು: ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ದಾಖಲಾತಿ ನಂಬರು, ಓದಿದ ವರ್ಷಗಳು. ಪ್ರಿಂಟ್ ತೆಗೆಯುವುದು. ಮುಚ್ಚುವುದು. ಉಳಿಸಬೇಕೇ? ಬ್ಯಾಡ. ಮತ್ತೆ ತೆರೆದರೆ ಯಮನೂರಪ್ಪ ತಂದೆ ದುರಗಪ್ಪ ತನ್ನ ಜಾಗದಲ್ಲಿ ಕೂತಿರುತ್ತಿದ್ದ. ಆ ಆರು ಜಾಗ ನನ್ನ ಕೈಗೆ ಎಷ್ಟು ರೂಢಿಯಾಗಿದ್ದವು ಅಂದರೆ, ಬಂದವರ ಜೊತೆ ಮಳೆ ಬೆಳೆ ಮಾತಾಡುತ್ತಲೇ ತಿದ್ದಿ ಮುಗಿಸುತ್ತಿದ್ದೆ. ನಮ್ಮ ಹೆಡ್ ಮೇಡಂ ಒಮ್ಮೆ ಹಿಂದೆ ನಿಂತು ನೋಡಿ ನಕ್ಕಿದ್ದರು.

“ಯಮನೂರಪ್ಪ, ಈ ಸೀಮಿ ಹುಡುಗರೆಲ್ಲಾ ನಿಮ್ಮ ಹೆಸರು ಅಳಿಸೇ ನೌಕರಿ ಹಿಡದಾರ ನೋಡ್ರಿ.”

“ಅಳಿಸಿದ್ರ ಅಳಿಸ್ಲಿ ಬಿಡ್ರಿ ಮೇಡಂ, ನಾ ಮತ್ತ ಹುಟ್ಟಿ ಬರ್ತೀನಿ,” ಅಂದಿದ್ದೆ.

ಹೋದ ವರ್ಷ ಶಾಲೆಯ ಹಳೆಯ ಕಂಪ್ಯೂಟರು ಕೆಮ್ಮಿ ಕೆಮ್ಮಿ ನಿಂತಿತು. ಹೊಸದು ಬಂತು, ಅದರೊಳಗೆ ಆಫೀಸ್ ಸಾಫ್ಟ್‌ವೇರಿನ ಹೊಸ ಆವೃತ್ತಿಯೂ ಬಂತು. ಗಂಗಾವತಿಯ ಕಂಪ್ಯೂಟರ್ ಅಂಗಡಿಯ ಮೌಲಾಸಾಬ್ ಬಂದು ಕೂಡಿಸಿಕೊಟ್ಟ. ನನ್ನ ಓರಗೆಯವನು, ಗಿರಣಿಯಲ್ಲಿ ನನ್ನ ಜೊತೆ ಚೀಲ ಹೊತ್ತವನು. ಹಳೆಯ ಫೈಲುಗಳನ್ನೆಲ್ಲ ಹೊಸ ಪೆಟ್ಟಿಗೆಗೆ ದಾಟಿಸಿ, ಎದ್ದು ನಿಂತು ಕೈ ಝಾಡಿಸಿದ.

“ಇನ್ನ ಚಿಂತಿ ಇಲ್ಲ ತಗೊ. ಲೈಟ್ ಹೋದ್ರೂ ನೀ ಬರ್ದದ್ದು ಹೋಗಂಗಿಲ್ಲ. ತಾನ ಉಳಿಸಿಕೊಂತೈತಿ.”

“ನಾ ಹೇಳದ?”

“ನೀ ಹೇಳೂದು ಯಾಕ್ ಬೇಕು? ಅದಕ್ಕ ಅಕಲ್ ಐತಿ.”

ಅದಕ್ಕೆ ಅಕಲ್ ಇದ್ದದ್ದೇ ನನಗೆ ತ್ರಾಸಾಯಿತು. ಮೊದಲನೆಯ ದಿನ ಪ್ರಿಂಟಿನ ಗುಂಡಿ ಹುಡುಕಲು ಒಂದು ತಾಸು ಹೋಯಿತು. ಹಾಳಿಯ ಅಂಚು ಅಳೆಯುವ ಪಟ್ಟಿ ಮಾಯವಾಗಿತ್ತು. ನಾನು ಮೂರನೆಯ ಸಾಲಿನ ಐದನೆಯದು ಅಂತ ನೆನಪಿಟ್ಟುಕೊಂಡಿದ್ದವೆಲ್ಲ ಚಿತ್ರಗಳಾಗಿ ಬೇರೆ ಬೇರೆ ಕಡೆ ಕೂತಿದ್ದವು. ದಿನಾ ನಡೆಯುವ ಓಣಿಯಲ್ಲಿ ಮನೆಗಳ ಬಾಗಿಲೆಲ್ಲ ಹಿತ್ತಲ ಕಡೆ ತಿರುಗಿದರೆ ಹೇಗಾದೀತು ಹೇಳಿ. ಶಾಲೆಯ ಲೆಟರ್‌ಹೆಡ್ಡಿನ ಮೇಲೆ ಪ್ರಿಂಟ್ ಕೊಟ್ಟರೆ ಮೊದಲ ಎರಡು ಸಾಲು ಶಾಲೆಯ ಹೆಸರಿನ ಮೇಲೆಯೇ ಹತ್ತಿ ಕೂತವು; ಎರಡು ಮೂರು ಹಾಳಿ ಕೆಟ್ಟ ಮೇಲೆ ಒಂದು ನೆಟ್ಟಗೆ ಬರುತ್ತಿತ್ತು. ಮೂರನೆಯ ದಿನ ಮೌಲಾಸಾಬನಿಗೆ ಫೋನ್ ಮಾಡಿ, ಹಳೆಯದನ್ನೇ ಹಾಕಿಕೊಡು ಮಾರಾಯ ಅಂದೆ.

“ಹಳೇದು ಈ ಪೆಟಿಗ್ಯಾಗ ಕೂಡಂಗಿಲ್ಲೋ. ನೀ ಬಿ.ಎ. ಓದಿದಾಂವ, ಎರಡು ದಿನದಾಗ ಕಲೀತಿ. ನಿನ್ನಂಥಾಂವ ಹಿಂಗಂದ್ರ ನಮ್ಮಂಥವರ ಗತಿ ಏನು?”

ಬಿ.ಎ. ಅಂದನಲ್ಲ, ನನ್ನ ಬಾಯಿ ಮುಚ್ಚಿತು. ಕೇಳಬೇಕಾದದ್ದನ್ನು ಅವನಿಗೆ ಕೇಳದೆ ಫೋನ್ ಇಟ್ಟೆ.

ಕೇಳಬೇಕಾದದ್ದು ಒಂದಿತ್ತು. ಆವತ್ತು ಬೆಳಿಗ್ಗೆಯೇ ತಾಯಿಯನ್ನು ತೆರೆದಾಗ ಅಲ್ಲಿ ಯಮನೂರಪ್ಪ ಇರಲಿಲ್ಲ. ಹಿಂದಿನ ದಿನ ಪ್ರಮಾಣಪತ್ರ ಒಯ್ದಿದ್ದ ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರಿತ್ತು. ಅದು ಕೇಳಿರಲಿಲ್ಲ, ನಾನು ಬ್ಯಾಡ ಅಂದಿರಲಿಲ್ಲ, ತಾನೇ ಉಳಿಸಿಕೊಂಡಿತ್ತು. ನನಗೆ ಒಂಥರಾ ಆಯಿತು. ಹನ್ನೆರಡು ವರ್ಷ ಅಳಿಸಿದರೂ ತಿರುಗಿ ಬಂದವನು ಈಗ ಕಾಯಂ ಹೋದ. ಆದರೆ ಕೆಲಸಕ್ಕೇನು ಅಡ್ಡಿ? ಕೆಳಗೆ ಯಾರ ಹೆಸರಿದ್ದರೇನು, ಹೇಗೂ ಆರು ಕಡೆ ತಿದ್ದುವವನು ನಾನೇ ಅಲ್ಲವೇ? ಹಾಗಂದುಕೊಂಡು ಮುಂದುವರಿದೆ. ಎಡವಿದ್ದು ಇಲ್ಲಿ. ತಿಳಿಯದೆ ಎಡವಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಂಡೂ ದಾಟಿದೆ.

ಮುಂದಿನ ವಾರ ಕ್ಯಾಂಪಿನ ಒಬ್ಬ ಹೆಣ್ಣುಮಗಳು ಬಂದಳು. ನಮ್ಮ ಕಡೆ ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಿಗೆ ಕ್ಯಾಂಪ್ ಅನ್ನುತ್ತೇವೆ. ಆಕೆ ಮೊದಲ ನಾಲ್ಕು ತರಗತಿ ಬೇರೆ ಕಡೆ ತೆಲುಗು ಮಾಧ್ಯಮದಲ್ಲಿ ಓದಿ, ಐದಕ್ಕೆ ನಮ್ಮಲ್ಲಿಗೆ ಬಂದವಳು. ಹಾಗಾಗಿ ಆರು ಕಡೆಯ ಜೊತೆ ಏಳನೆಯ ಕಡೆಯೂ ತಿದ್ದಿದೆ. ಯಾವಾಗಲೂ ಮುಟ್ಟದೇ ಇದ್ದ ಸಾಲು ಅದು. ‘ಒಂದರಿಂದ ನಾಲ್ಕನೆಯ ತರಗತಿಯವರೆಗೆ ತೆಲುಗು ಮಾಧ್ಯಮದಲ್ಲಿ, ಐದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ’ ಅಂತ ಬರೆದೆ. ಆಕೆ ಒಯ್ದಳು. ಆ ಸಾಲು ಫೈಲಿನಲ್ಲೇ ಉಳಿಯಿತು.

ಅದಾದ ಮೇಲೆ ರೇಣುಕಾ ಬಂದಳು. ನಮ್ಮ ಶಾಲೆಯಲ್ಲೇ ಒಂದರಿಂದ ಹತ್ತು ಓದಿದವಳು. ಅವಳ ಅಪ್ಪ ಈಗಲೂ ಗಿರಣಿಯಲ್ಲಿ ಹಮಾಲಿ ಮಾಡುತ್ತಾನೆ, ಅವ್ವ ನಾಟಿಗೆ ಹೋಗುತ್ತಾಳೆ. ಅವಳೂ ಅವರ ಮನೆಯ ಮೊದಲನೆಯ ಪದವೀಧರೆ. ಹಾಗಾಗಿ ಅವಳನ್ನು ಕಂಡರೆ ನನಗೆ ಸ್ವಲ್ಪ ಹೆಚ್ಚು ಅಕ್ಕರೆ. ಜಿಲ್ಲೆಯ ಒಂದು ಸರಕಾರಿ ಹುದ್ದೆಗೆ ಒಂದರಿಂದ ಹತ್ತರವರೆಗೆ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದವರ ಮೀಸಲಾತಿಯಲ್ಲಿ ಅವಳ ಹೆಸರು ಬಂದಿತ್ತು. ಕೊಪ್ಪಳದಲ್ಲಿ ದಾಖಲೆ ಪರಿಶೀಲನೆ ಇತ್ತು. ಅದಕ್ಕೆ ಶಾಲೆಯ ಈ ಹಾಳಿಯೇ ಆಧಾರ.

“ಮನ್ಯಾಗ ಎಲ್ಲಾರೂ ಆರಾಮೇನವಾ?” ಅನ್ನುತ್ತ ಆರು ಕಡೆ ತಿದ್ದಿದೆ. ಹೆಡ್ ಮೇಡಂ ಸಹಿ ಹಾಕಿದರು. ಸಿಕ್ಕಾ ಹೊಡೆದು ಕೊಟ್ಟೆ. ರೇಣುಕಾ ಅದನ್ನು ಮಡಚದೆ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡು ಹೋದಳು.

ಹತ್ತು ದಿನಕ್ಕೆ, ಬೆಳಿಗ್ಗೆ ಹನ್ನೊಂದೂವರೆಗೆ ಅವಳ ಫೋನ್ ಬಂತು.

“ಸರ, ರೇಣುಕಾ ರೀ. ಕೊಪ್ಪಳದಾಗ ಅದೀನ್ರಿ. ಇಲ್ಲಿ… ನಾನು ತೆಲುಗು ಮಾಧ್ಯಮ ಅಂತ ಐತಂತ್ರಿ ಸರ.”

“ಏನು ಮಾಧ್ಯಮ?”

“ತೆಲುಗು ರೀ. ಐದು ಗಂಟೆ ಒಳಗ ಸರಿ ಇದ್ದದ್ದು ತರ್ಬೇಕಂತ್ರಿ. ಇಲ್ಲಂದ್ರ ನನ್ನ ಬಿಟ್ಟು ಮುಂದಿನವರನ್ನ ಕರೀತಾರಂತ.”

ನಾನು ತಾಯಿಯನ್ನು ತೆರೆದೆ. ಆ ಸಾಲು ಅಲ್ಲೇ ಇತ್ತು, ಏನೂ ಆಗಿಲ್ಲವೆಂಬಂತೆ. ತಿದ್ದಿದೆ. ಪ್ರಿಂಟ್ ಕೊಟ್ಟರೆ ಸಾಲುಗಳು ಮತ್ತೆ ಶಾಲೆಯ ಹೆಸರಿನ ಮೇಲೆ ಹತ್ತಿದವು. ಎರಡನೆಯ ಲೆಟರ್‌ಹೆಡ್ಡೂ ಹಾಳಾಯಿತು. ಮೂರನೆಯದನ್ನು ತೆಗೆದೆ. ಹೆಡ್ ಮೇಡಂ ಎದ್ದು ಬಂದು ನನ್ನ ಹಿಂದೆ ನಿಂತರು.

“ಏಳ್ರಿ, ಅದರ ಮುಂದಿಂದ ಏಳ್ರಿ. ರಜಿಸ್ಟರ್ ತಗೀರಿ. ಕೈಲೆ ಬರೀರಿ.”

ದಾಖಲಾತಿ ರಜಿಸ್ಟರಿನಲ್ಲಿ ಒಂದನೆಯ ತರಗತಿಗೆ ಸೇರಿದ ದಿನದ ಸಾಲು ಹುಡುಕಿದೆ. ರೇಣುಕಾ, ತಂದೆ, ಊರು, ಮಾಧ್ಯಮ ಕನ್ನಡ. ಪಾಲಕರ ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಅದನ್ನು ನೋಡಿ ನೋಡಿ ಪೆನ್ನಿನಿಂದ ಒಂದೊಂದೇ ಅಕ್ಷರ ಇಳಿಸಿದೆ. ಮೇಡಂ ಈ ಸಲ ಕನ್ನಡಕ ಹಾಕಿಕೊಂಡು ಪೂರಾ ಓದಿದರು.

“ಮೊದಲಿನದರ ಮ್ಯಾಲೆ ಸಹಿ ಹಾಕಿದಾಕಿ ನಾನೂ ಅದೀನಿ. ಓದಿದ್ದಿಲ್ಲ,” ಅಂದರು. “ರಜಿಸ್ಟರೂ ಒಯ್ಯಿರಿ. ಹೊರಗ ಒಯ್ಯಾಕ ನಾ ಬರ್ದು ಕೊಡ್ತೀನಿ.”

ರಜಿಸ್ಟರನ್ನು ಅರಿವೆಯಲ್ಲಿ ಸುತ್ತಿ, ಗಂಗಾವತಿಗೆ ಬಂದು ಕೊಪ್ಪಳದ ಬಸ್ ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡರೆ ಕೂಸಿನಷ್ಟು ಭಾರ. ಕಂಡಕ್ಟರ್, “ಏನ್ರಿ ಯಜಮಾನ್ರ ಅದು, ಲಗೇಜೇನು?” ಅಂದ. ಸಾಲಿ ರಜಿಸ್ಟರು ಅಂದೆ. “ಹಂಗಾದ್ರ ನನ್ನ ಹೆಸರೂ ಇರ್ಬೇಕು ನೋಡ್ರಿ ಅದರಾಗ, ಏಳನೇತ್ತಕ್ಕ ಬಿಟ್ಟಾಂವ ನಾನು,” ಅಂತ ನಕ್ಕು ಮುಂದೆ ಹೋದ. ನನಗೆ ನಗು ಬರಲಿಲ್ಲ. ಹಸಿರು ಗದ್ದೆ ಮುಗಿದು ಕಲ್ಲುಗುಡ್ಡ, ಒಣಹೊಲ ಶುರುವಾದವು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಏನು ಹೇಳಬೇಕು ಅಂತ ಜೋಡಿಸಿಕೊಳ್ಳುತ್ತಿದ್ದೆ. ಹೊಸ ಆವೃತ್ತಿ ಸಾರ್. ಕೇಳದೆ ಉಳಿಸಿಕೊಳ್ಳುತ್ತದೆ ಸಾರ್. ಹಳೆಯದರಲ್ಲಿ ಹೀಗಿರಲಿಲ್ಲ ಸಾರ್. ಜೋಡಿಸಿದಷ್ಟೂ ಗಟ್ಟಿಯಾಗಿಯೇ ಕೇಳಿಸಿತು.

ಮುಟ್ಟಿದಾಗ ನಾಲ್ಕು ಗಂಟೆ. ರೇಣುಕಾ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಮುಖ ತೊಳೆದುಕೊಂಡಿದ್ದಳು, ಆದರೂ ಗೊತ್ತಾಗುತ್ತಿತ್ತು. ನಮಸ್ಕಾರ್ರಿ ಸರ ಅಂದಳು.

ಒಳಗೆ ಪರಿಶೀಲನೆಯ ಅಧಿಕಾರಿ ಎರಡು ಹಾಳಿಗಳನ್ನೂ ಪಕ್ಕಪಕ್ಕ ಇಟ್ಟರು. ಸಮಾಧಾನದ ಮನುಷ್ಯ. ಮೊದಲು ಅದನ್ನು, ಆಮೇಲೆ ಇದನ್ನು ಓದಿದರು.

“ಇದರಾಗೂ ಅದೇ ಸಹಿ, ಅದೇ ಸಿಕ್ಕಾ. ಅದರಾಗೂ ಅದೇ. ಯಾವುದು ಖರೇ ಅನ್ನಲಿ ನಾನು?”

ರಜಿಸ್ಟರ್ ಬಿಚ್ಚಿ ತೋರಿಸಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ನಾನು ಬಸ್ಸಿನಲ್ಲಿ ಜೋಡಿಸಿದ್ದನ್ನೆಲ್ಲ ಹೇಳಿದೆ. ಹೊಸ ಆವೃತ್ತಿ, ತಾನೇ ಉಳಿಸಿಕೊಳ್ಳುವುದು, ಹಳೆಯದು ಕೇಳುತ್ತಿದ್ದದ್ದು. ಅವರು ನಡುವೆ ಬಾಯಿ ಹಾಕದೆ ಕೇಳಿದರು.

“ಇರಬಹುದು,” ಅಂದರು. “ನಿಮ್ಮ ಮಾತು ನಂಬ್ತೀನಿ. ಆದ್ರ ಫೈಲಿನಾಗ ಹಾಕಾಕ ನನಗೊಂದು ಹಾಳಿ ಬೇಕು. ಮೊದಲಿನದು ಯಾಕ ತಪ್ಪಾತು, ಯಾರಿಂದ ತಪ್ಪಾತು. ಕಂಪ್ಯೂಟರಿನಿಂದ ಅಂತ ಬರದ್ರ ನಡಿಯಂಗಿಲ್ರಿ. ಅದು ಸಹಿ ಮಾಡಂಗಿಲ್ಲ.”

ಬಿಳಿ ಹಾಳಿಯೊಂದನ್ನು ನನ್ನ ಕಡೆ ಸರಿಸಿದರು.

ಅದರ ಪರಿಣಾಮ ಏನು ಅಂತ ಕ್ಲಾರ್ಕನಾದ ನನಗೆ ಹೇಳಿಕೊಡಬೇಕಾಗಿರಲಿಲ್ಲ. ತಪ್ಪು ಪ್ರಮಾಣಪತ್ರ ಕೊಟ್ಟೆನೆಂದು ಬರೆದ ಹಾಳಿ ಇಲ್ಲಿ ನಿಲ್ಲುವುದಿಲ್ಲ. ಅದರ ಪ್ರತಿ ಶಾಲೆಗೆ ಬರುತ್ತದೆ, ಅಲ್ಲಿಂದ ನನ್ನ ಸರ್ವಿಸ್ ಬುಕ್ಕಿಗೆ. ಒಂದು ಕಲೆಯಿಲ್ಲದ ಬುಕ್ಕು ಅಂತ ಹೆಂಡತಿಯ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದೆನೋ. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ರೇಣುಕಾ ಬಾಗಿಲ ಹತ್ತಿರ ಕವರನ್ನು ಎದೆಗೆ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ, ಹಾಳಿಯ ಕಡೆ ನೋಡುತ್ತಿದ್ದಳು.

ಪೆನ್ನು ತೆಗೆದೆ. ತೆಗೆದ ಮೇಲೆ ತಿಳಿಯಿತು, ಇದಕ್ಕೆ ನಮೂನೆಯೇ ಇಲ್ಲ. ನನ್ನ ಹನ್ನೆರಡು ವರ್ಷದ ನೌಕರಿಯಲ್ಲಿ ನಾನು ಬರೆದದ್ದೆಲ್ಲ ಯಾವುದೋ ಒಂದರ ಮೇಲೆ ತಿದ್ದಿದ್ದೇ. ಅರ್ಜಿ, ವರದಿ, ರಜೆ ಚೀಟಿ ಎಲ್ಲ. ಒಂದು ಸಾಲನ್ನೂ ಮೊದಲಿನಿಂದ ನಾನೇ ಹುಟ್ಟಿಸಿ ಬರೆದಿರಲಿಲ್ಲ. ಬಿ.ಎ. ಓದಿದವನು ಒಂದು ಕಚೇರಿಯ ಮೇಜಿನ ಮುಂದೆ, ಮೊದಲ ವಾಕ್ಯ ಹೇಗೆ ಶುರು ಮಾಡಬೇಕು ಅಂತ ಗೊತ್ತಾಗದೆ ಕೂತಿದ್ದೆ.

ಕೊನೆಗೆ ಮೂರು ಸಾಲು ಬರೆದೆ. ಈ ವಿದ್ಯಾರ್ಥಿನಿ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಮೊದಲು ಕೊಟ್ಟ ಪ್ರಮಾಣಪತ್ರದಲ್ಲಿ ಬೇರೊಬ್ಬರ ವಿವರ ಉಳಿದಿತ್ತು. ನಾನು ಓದಿ ನೋಡದೆ ಕೊಟ್ಟಿದ್ದೇನೆ, ತಪ್ಪು ನನ್ನದು. ಮೂರನೆಯ ಸಾಲಿಗೆ ಮೊದಲ ಎರಡಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೆಳಗೆ ಯಮನೂರಪ್ಪ ಅಂತ ಸಹಿ ಮಾಡಿದೆ.

ಅಧಿಕಾರಿ ಮೂರನ್ನೂ ಸೇರಿಸಿ ಪಿನ್ ಹೊಡೆದರು. ಪಟ್ಟಿಯಲ್ಲಿ ರೇಣುಕಾಳ ಹೆಸರಿನ ಮುಂದೆ ಗುರುತು ಹಾಕಿ, “ಆತವಾ, ಹೋಗು,” ಅಂದರು.

ಹೊರಗೆ ಬಂದು ಇಬ್ಬರೂ ಚಹಾದ ಗಾಡಿಯ ಹತ್ತಿರ ನಿಂತೆವು. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಿಸಿ ಮಿರ್ಚಿ ಕೊಡಿಸಿದೆ. ಅದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ಸರ, ಆ ಹಾಳಿಯಿಂದ ನಿಮಗ ಏನರ ಆಕ್ಕೈತೇನ್ರಿ?”

“ನೋಡೂಣಂತ. ಒಂದು ನೋಟಿಸು ಬರ್ತೈತಿ. ನೀ ತಿನ್ನು ಮೊದ್ಲ.”

“ನಾ ಒಂದು ಹೇಳ್ಲೇನ್ರಿ? ನೀವು ಬೈಬಾರ್ದು.”

“ಹೇಳವಾ.”

“ಮುಂಜಾನಿ ಅವರು ಓದಿ ಹೇಳಿದ್ರಲ್ರಿ, ತೆಲುಗು ಮಾಧ್ಯಮ ಅಂತ. ಆಗ ನನಗ ಒಂದು ಗಳಿಗಿ ಅನಸ್ತ್ರಿ, ನಾ ತೆಲುಗಿನಾಗ ಓದೀನೇನೋ, ನನಗ ಮರ್ತೈತೇನೋ ಅಂತ. ಸಾಲಿಯವರು ಬರ್ದು ಸಿಕ್ಕಾ ಹೊಡದಾರಲ್ರಿ. ಅವರು ಸುಳ್ಳು ಯಾಕ ಬರೀತಾರು? ತಿರುಗಿ ಊರಿಗೆ ಹೋಗಾಕ ಬಸ್‌ಸ್ಟ್ಯಾಂಡಿಗೆ ನಡದಿದ್ನಿ. ಅರ್ಧ ದಾರ್ಯಾಗ ಅಕ್ಕೋರು ಕಲಿಸಿದ ಒಂದನೇತ್ತದ ಪದ್ಯ ಬಾಯಿಗೆ ಬಂತು. ಆಗ ನಿಂತು ನಿಮಗ ಫೋನ್ ಹಚ್ಚಿದೆ.”

ಚಹಾದ ಲೋಟ ಗಾಡಿಯ ಮೇಲೆ ಇಟ್ಟೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಪದವಿ ಪಡೆದವಳು, ಹತ್ತು ವರ್ಷ ಕೂತು ಓದಿದ ತನ್ನ ನೆನಪಿಗಿಂತ ನಾನು ಹತ್ತು ನಿಮಿಷದಲ್ಲಿ ಮಾತಾಡುತ್ತ ತಿದ್ದಿದ ಹಾಳಿಯನ್ನು ಹೆಚ್ಚು ನಂಬಿದ್ದಳು. ಅವಳಷ್ಟೇ ಅಲ್ಲ. ನಮ್ಮಂಥ ಮನೆಗಳಲ್ಲಿ ಎಲ್ಲರೂ ಹಾಗೆಯೇ ನಂಬುತ್ತಾರೆ. ನಾನೂ ನಂಬಿಯೇ ಬೆಳೆದವನು.

ಮರುದಿನ ಶಾಲೆಗೆ ಹೋದವನು ಕಂಪ್ಯೂಟರ್ ಚಾಲೂ ಮಾಡಲಿಲ್ಲ. ಕೊಟ್ಟ ಪ್ರಮಾಣಪತ್ರಗಳ ಕಚೇರಿ ಪ್ರತಿಗಳಿರುವ ಫೈಲನ್ನು ಕಪಾಟಿನಿಂದ ಇಳಿಸಿದೆ. ಕ್ಯಾಂಪಿನ ಹೆಣ್ಣುಮಗಳ ಹಾಳಿ ಸಿಕ್ಕಿತು. ಅದರ ನಂತರದ್ದನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ರೇಣುಕಾಳದ್ದು ಬಿಟ್ಟು ಇನ್ನೂ ಏಳು ಇದ್ದವು. ಏಳರಲ್ಲೂ ಆ ಸಾಲು ಇತ್ತು. ಏಳರ ಕೆಳಗೂ ಸಹಿ, ಸಿಕ್ಕಾ. ಯಾರೊಬ್ಬರೂ ತಿರುಗಿ ಬಂದು ಕೇಳಿರಲಿಲ್ಲ.

ಮೊದಲನೆಯ ಹಾಳಿಯವನ ನಂಬರಿಗೆ ಫೋನ್ ಮಾಡಿದೆ. ವಯಸ್ಸಾದ ಹೆಣ್ಣುಮಗಳೊಬ್ಬಳು ಎತ್ತಿದಳು. ಮಗ ಕೆಲಸಕ್ಕೆ ಹೋಗ್ಯಾನ್ರಿ, ಫೋನ್ ಮನ್ಯಾಗ ಬಿಟ್ಟಾನ ಅಂದಳು.

“ಸಾಲಿಯಿಂದ ಮಾತಾಡಾಕತ್ತೀನ್ರವ್ವಾ. ಹೆದರಬ್ಯಾಡ್ರಿ. ನಿಮ್ಮ ಮಗ ಮೊನ್ನಿ ಸಾಲಿಯಿಂದ ಒಂದು ಸರ್ಟಿಫಿಕೇಟು ತಂದಾನಲ್ರಿ, ಅದು ಮನ್ಯಾಗ ಐತೇನು?”

“ಐತ್ರಿ ಸರ. ಟ್ರಂಕಿನ್ಯಾಗ ಇಟ್ಟೀನ್ರಿ, ಹಾಳಾಗಬಾರ್ದಂತ.”

“ಅದನ್ನ ತಗೊಂಡು ಮೂರನೇ ಸಾಲು, ಮಾಧ್ಯಮ ಅಂತ ಇರೂದು, ಸ್ವಲ್ಪ ನನಗ ಓದಿ ಹೇಳ್ರಿ.”

ಆಕೆ ಮೆಲ್ಲಗೆ, “ನನಗ ಓದಾಕ ಬರಂಗಿಲ್ರಿ ಸರ,” ಅಂದಳು. “ಯಾಕ್ರಿ, ಏನರ ತಪ್ಪಾಗೈತೇನ್ರಿ ನಮ್ಮ ಹುಡುಗಂದು?”

“ನಿಮ್ಮ ಹುಡುಗಂದಲ್ರವ್ವಾ,” ಅಂದೆ. “ನಿಮ್ಮ ಮನಿ ಎಲ್ಲಿ ಬರ್ತೈತಿ ಹೇಳ್ರಿ. ನಾನ ಬರ್ತೀನಿ.”